ಬ್ಯಾಳಿ ತೆಳ್ಳಗಾಗಿತ್ತರಿ, ಕ್ಷಮಾ ಇರಲಿ

ಹೈದರಾಬಾದಿನ ಕಾಚಿಗುಡದ ಗುಂಡಮ್ಮನ ಖಾನಾವಳಿಯ ಮರ್ಯಾದೆ ತೆಗೆದವನು ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗ ಅಂಬಾದಾಸ. ಅದೂ ವಿನಯದಿಂದ ತೆಗೆದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಓದುತ್ತ ಓದುತ್ತ ಪಾಪದ ಸರ್ಕಾರಿ ಅಧಿಕಾರಿಯ ಮೇಲೋ ಎದುರಿನ ಬಿರಿಯಾನಿ ಅಂಗಡಿಯವನ ಮೇಲೋ ಸಂಶಯ ಪಡುತ್ತೀರಿ.

ಅಂಬಾದಾಸನಿಗೆ ಐವತ್ತು ದಾಟಿದೆ. ತಾಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾರೆ, ಮಗ ಬಡಿಸುತ್ತಾನೆ. ಯಾರಿಗೂ ಎದುರು ಮಾತಾಡಿದವನಲ್ಲ. ಒಮ್ಮೆ ಉಂಡು ಎದ್ದ ಗಿರಾಕಿಯೊಬ್ಬ ಅಂಬಾದಾಸನ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೊರಟಾಗ, ಹಿಂದೆ ಓಡಿಹೋಗಿ, "ಅವು ಸ್ವಲ್ಪ ಹಳೇವು ಆಗ್ಯಾವರಿ, ನಿಮ್ಮ ಕಾಲಿಗೆ ಒಪ್ಪೂದಿಲ್ಲ. ಹೊಸಾವು ಇದ್ದಿದ್ರ ಛಲೋ ಇತ್ತು" ಎಂದು ಕ್ಷಮೆ ಕೇಳಿ ಬರಿಗಾಲಲ್ಲಿ ತಿರುಗಿ ಬಂದ ಪುಣ್ಯಾತ್ಮ.

ಆ ಖಾನಾವಳಿಯ ಗೋಡೆಯ ಮೇಲೆ, ಬಸವಣ್ಣನ ಪಟದ ಪಕ್ಕದಲ್ಲಿ, ಗಾಜು ಹಾಕಿಸಿದ ಒಂದು ಪೇಪರಿನ ತುಣುಕು ಇದೆ. 'ಕಾಚಿಗುಡದಾಗ ತವರಿನ ರೊಟ್ಟಿ' ಎಂಬ ಶೀರ್ಷಿಕೆ. ಅರ್ಧ ಪುಟ. ಈಗ ಅರಿಸಿನದ ಬಣ್ಣಕ್ಕೆ ತಿರುಗಿದೆ. ಅದನ್ನು ಬರೆದವನು ನಾನು, ಅಮರೇಶಪ್ಪ. ಕಲಬುರಗಿ ಕಡೆಯ ಕನ್ನಡ ಪತ್ರಿಕೆಯೊಂದಕ್ಕೆ ಪ್ರತಿ ರವಿವಾರ 'ಮೂಸಿ ದಂಡೆಯ ಪತ್ರ' ಬರೆಯುತ್ತಿದ್ದೆ. ಆ ಲೇಖನದ ಕೊನೆಯ ಸಾಲು ನನಗೆ ಇವತ್ತಿಗೂ ಬಾಯಿಪಾಠ: 'ಹೊಟ್ಟೆ ಬಿರಿಯುವಷ್ಟು ಉಂಡು ಎದ್ದವನಿಗೆ ಗುಂಡಮ್ಮ ಹೇಳಿದ್ದು ಇಷ್ಟೇ: ಇವತ್ತು ಬ್ಯಾಳಿ ತೆಳ್ಳಗಾಗಿತ್ತರಿ, ಕ್ಷಮಾ ಇರಲಿ.'

ಆ ಒಂದು ಸಾಲಿಗೆ ಮುಂದಿನ ರವಿವಾರ ಖಾನಾವಳಿಯ ಬಾಗಿಲಿಂದ ಬೀದಿ ಕೊನೆಯ ಪಾನ್ ಡಬ್ಬಿ ಅಂಗಡಿಯವರೆಗೆ ಜನ ನಿಂತಿದ್ದರು. ಬೀದರಿನವರು, ರಾಯಚೂರಿನವರು, ಯಾದಗಿರಿಯವರು. ಎಲ್ಲರಿಗೂ ಆ ತೆಳ್ಳಗಿನ ಬ್ಯಾಳಿ ಬೇಕು. ಯಾಕೆಂದರೆ ಓದಿದವರೆಲ್ಲ ನಮ್ಮವರು. ಉಣ್ಣಲು ಕೂಡಿಸಿದ ಮನೆಯವರು ತಮ್ಮ ಅಡುಗೆಯನ್ನು ತಾವೇ ಹೊಗಳಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಉಣ್ಣುವವರು 'ಛಲೋ ಆಗೇತ್ರಿ' ಅನ್ನಬೇಕು. ಮನೆಯವರು 'ಏನು ಛಲೋ ಬಿಡ್ರಿ, ಉಪ್ಪ ಕಮ್ಮಿ ಬಿದ್ದೈತಿ' ಅನ್ನಬೇಕು. ಅಷ್ಟರಲ್ಲಿ ಇನ್ನೊಂದು ರೊಟ್ಟಿ ತಾಟಿಗೆ ಬಿದ್ದಿರಬೇಕು. ಇದಕ್ಕೆ ಉಪಚಾರ ಎನ್ನುತ್ತಾರೆ. ಆ ದಿನಗಳಲ್ಲಿ ಊಟಕ್ಕೆ ಯಾರೂ ನಕ್ಷತ್ರ ಕೊಡುತ್ತಿರಲಿಲ್ಲ. ತೇಗು ಕೊಡುತ್ತಿದ್ದೆವು. ತೇಗಿನ ಸಪ್ಪಳದ ಮೇಲೆ ಗುಂಡಮ್ಮನಿಗೆ ಎಲ್ಲಾ ತಿಳಿಯುತ್ತಿತ್ತು.

ಎಂಥಾ ದಿನಗಳು ಅವು! ಬೆಳಗಿನ ರೈಲಿಗೆ ಪೇಪರಿನ ಕಟ್ಟು ಬರುತ್ತಿತ್ತು. ಇಡೀ ಖಾನಾವಳಿಗೆ ಒಂದೇ ಪೇಪರು. ಕ್ರೀಡಾ ಪುಟ ಒಬ್ಬನ ಕೈಗೆ, ಜಿಲ್ಲಾ ಸುದ್ದಿ ಇನ್ನೊಬ್ಬನ ಕೈಗೆ, ನನ್ನ ಪತ್ರದ ಪುಟ ಮಾತ್ರ ನಾನೇ ಹಿಡಿದುಕೊಂಡು ಗುಂಡಮ್ಮನಿಗೆ ಓದಿ ಹೇಳಬೇಕು. ಅವರು ಹಿಟ್ಟಿನ ಕೈ ನಿಲ್ಲಿಸಿ ಕೇಳುತ್ತಿದ್ದರು. ಸಾರಿಗೆ ಉಪ್ಪು ಕಮ್ಮಿಯಾಗಿದ್ದರೆ ಯಾರಾದರೂ "ಗುಂಡಮ್ಮಾ, ಉಪ್ಪು!" ಎಂದು ಕೂಗುತ್ತಿದ್ದರು. ಮುಷ್ಟಿಯಲ್ಲಿ ಉಪ್ಪು ಬರುತ್ತಿತ್ತು. ದೂರು ಅಲ್ಲಿಗೆ ಮುಗಿಯಿತು.

ಆಮೇಲೆ ಕಾಲ ಕೆಟ್ಟಿತು, ಅಂದರೆ ನನ್ನ ಅಂಕಣ ನಿಂತಿತು. ಹೊಸ ಸಂಪಾದಕ ಹುಡುಗ ಫೋನು ಮಾಡಿ, "ಸರ್, ಈಗ ಓದುಗರೇ ವರದಿಗಾರರು. ಅವರೇ ಬರೀತಾರೆ, ಅವರೇ ಫೋಟೋ ಹಾಕ್ತಾರೆ" ಎಂದ. "ಹಾಗಾದರೆ ನಾನೇನು ಮಾಡಲಿ?" ಎಂದು ಕೇಳಿದೆ. "ಓದಿ ಸರ್" ಎಂದ. ಅವತ್ತಿನಿಂದ ನಾನು ಫೋನಿನ ಮೇಲೆ ಮುನಿಸಿಕೊಂಡೆ. ಬಂದ ಕರೆಗೆ ಮಾತಾಡುವುದು ಬಿಟ್ಟರೆ ಅದರ ಮುಖ ನೋಡುತ್ತಿರಲಿಲ್ಲ.

ಖಾನಾವಳಿಗೂ ಜನ ಕಮ್ಮಿಯಾದರು. ಹಾಸ್ಟೆಲಿನ ಹುಡುಗರು ಹಾಸಿಗೆಯ ಮೇಲೆ ಕೂತು ಫೋನಿನಲ್ಲೇ ಊಟ ತರಿಸುತ್ತಿದ್ದರು. ಗುಂಡಮ್ಮ ಒಂದು ದಿನ ಒಲೆಯ ಮುಂದಿನಿಂದಲೇ ಹೇಳಿಬಿಟ್ಟರು: "ಉಗಾದಿ ತನಕ ನೋಡ್ತೀನಿ. ಉಣ್ಣವರ ಇಲ್ಲಂದ್ರ ಒಲಿ ಯಾರಿಗಂತ ಹಚ್ಚಲಿ? ಬೀದರಕ್ಕ ಗುರುದೇವಿ ಮನಿಗೆ ಹೋಗಿ ಕುಂದರ್ತೀನಿ." ಗುರುದೇವಿ ಅವರ ಮಗಳು. ಅಂಬಾದಾಸ ಅವತ್ತು ಊಟ ಮಾಡಲಿಲ್ಲ. ನಾನೂ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ. ಆ ಒಲೆ ಆರಿದರೆ ನಾನು ಎಲ್ಲಿಗೆ ಹೋಗಬೇಕು?

ಆಗ ಬಂದವಳು ಕಾವ್ಯಾ. ರಾಯಚೂರಿನ ಹುಡುಗಿ, ಮಾದಾಪುರದ ಕಂಪನಿಯೊಂದರಲ್ಲಿ ಎಂಜಿನಿಯರು. ರವಿವಾರ ತಪ್ಪದೆ ಮೆಟ್ರೋ ಹತ್ತಿ ರೊಟ್ಟಿ ಉಣ್ಣಲು ಬರುವವಳು. ಅವರ ಆಫೀಸಿಗೆ ಮಧ್ಯಾಹ್ನದ ಊಟ ಕಳಿಸುವವರು ಬೇಕಾಗಿದ್ದರಂತೆ. ಅದೊಂದು ಸಿಕ್ಕರೆ ಒಲೆ ಆರುವ ಮಾತೇ ಇಲ್ಲ.

"ಮಾಮಾ, ನಿಮ್ಮ ಖಾನಾವಳಿನ ನಾನು ಫೋನಿನ್ಯಾಗ ಹಾಕೀನಿ" ಎಂದಳು ಅಂಬಾದಾಸನಿಗೆ. "ಉಂಡವರು ಅದರಾಗ ಬರೀತಾರ, ನಕ್ಷತ್ರ ಕೊಡ್ತಾರ. ಐದು ಬಂದ್ರ ಭಾಳ ಛಲೋ. ನೀವು ಒಬ್ಬೊಬ್ಬರಿಗೂ ಉತ್ತರ ಬರೀಬೇಕು. ನಮ್ಮ ಆಫೀಸಿನ ಊಟದ ವ್ಯವಸ್ಥಾ ನೋಡೋ ಸೂರಜ್ ಸರ್ ಎಲ್ಲಾ ಓದೇ ನಿರ್ಧಾರ ಮಾಡ್ತಾರ."

"ಏನಂತ ಬರೀಲಿ ತಂಗೆವ್ವಾ?"

"ಬಂದವರ ಜೋಡಿ ಹೆಂಗ ಮಾತಾಡ್ತೀರೋ ಹಂಗ. ವಿನಯದಿಂದ."

ಅಂಬಾದಾಸನಿಗೆ ವಿನಯದಿಂದ ಬರೆ ಎಂದು ಹೇಳುವ ಧೈರ್ಯ ಭೂಮಿಯ ಮೇಲೆ ಆ ಹುಡುಗಿಯೊಬ್ಬಳಿಗೇ ಇತ್ತು.

ಅವತ್ತಿನಿಂದ ಅಂಬಾದಾಸ ಗಲ್ಲಾಪೆಟ್ಟಿಗೆಯ ಹಿಂದೆ ಫೋನು ಹಿಡಿದು ಕೂತ. ಒಂದೇ ಬೆರಳು, ಕನ್ನಡಕ ಮೂಗಿನ ತುದಿಗೆ, ತುಟಿ ಮಿಡಿಯುತ್ತಿತ್ತು. "ಕಾಕಾ, ಮಂದಿ ಭಾಳ ಬರಿಯಾಕತ್ತಾರ್ರಿ!" ಎಂದು ನನಗೆ ಸಂತೋಷದಿಂದ ಹೇಳುತ್ತಿದ್ದ. "ಬರೀಲಿ, ಎಲ್ಲಾರೂ ಈಗ ಬರಹಗಾರರು" ಎಂದು ನಾನು ಹೊಟ್ಟೆಕಿಚ್ಚಿನಿಂದ ಹೇಳಿ ಬ್ಯಾಳಿ ಕಲಸುತ್ತಿದ್ದೆ. ಅವನು ಏನು ಬರೆಯುತ್ತಿದ್ದಾನೆ ಎಂದು ಒಂದು ದಿನವೂ ಇಣುಕಲಿಲ್ಲ. ಅವನ ಬರಹವನ್ನು ಆ ಫೋನು ತಾನಾಗಿಯೇ ತೆಲುಗಿಗೆ, ಹಿಂದಿಗೆ, ಇಂಗ್ಲಿಷಿಗೆ ತಿರುಗಿಸಿ ಊರಿಗೆಲ್ಲ ಹಂಚುತ್ತಿದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಒಂದು ಸೋಮವಾರ ಊಟದ ತಪಾಸಣೆಗೆಂದು ಮಲ್ಲಣ್ಣ ಎಂಬ ಅಧಿಕಾರಿ ಜೀಪಿನಲ್ಲಿ ಬಂದಿಳಿದರು. ದಪ್ಪ ಮೀಸೆ, ಕೈಯಲ್ಲಿ ಟಾರ್ಚು. ಹಗಲಿನಲ್ಲಿ ಟಾರ್ಚು ಕಂಡು ನಾನು ಮೂಲೆಗೆ ಸರಿದೆ. ಅಂಬಾದಾಸ ಮಾತ್ರ ಬೀಗರು ಬಂದಂತೆ ಎದ್ದು ಕೈ ಮುಗಿದ.

"ಅಡುಗೆಮನೆ ತೋರಿಸು" ಎಂದರು ಅವರು ತೆಲುಗಿನಲ್ಲಿ.

"ನಮ್ಮದೇನು ಅಡಿಗಿಮನಿರಿ ಸಾಹೇಬರ" ಎಂದು ಅಂಬಾದಾಸ ತನ್ನ ಹರಕು ತೆಲುಗಿನಲ್ಲಿ ಉಪಚಾರ ಶುರುಮಾಡಿದ. "ದನದ ಕೊಟ್ಟಿಗಿ ಇದ್ದಂಗ ಐತಿ. ತಮ್ಮಂಥಾ ದೊಡ್ಡವರು ಕಾಲಿಡೋ ಜಾಗಾ ಅಲ್ಲರಿ."

ಮಲ್ಲಣ್ಣ ಮೀಸೆ ಕುಣಿಸಿ ಒಳಗೆ ನುಗ್ಗಿದರು. ಒಳಗೆ ಏನಿದೆ? ಗುಂಡಮ್ಮ ಬೆಳಗ್ಗೆ ಎದ್ದು ಹುಣಸೆ ಹುಳಿ ಹಾಕಿ ತಿಕ್ಕಿದ ಹಿತ್ತಾಳೆ ಕೊಡ, ಹಿಟ್ಟು ನಾದಲು ತೊಳೆದಿಟ್ಟ ಕಟ್ಟಿಗೆಯ ಕೊಣಮಿಗೆ, ಮುಖ ಕಾಣುವಂಥ ಕಲ್ಲು ನೆಲ. ಅಧಿಕಾರಿಗೆ ಇನ್ನೂ ಸಂಶಯ ಹೆಚ್ಚಾಯಿತು. "ಕೊಟ್ಟಂ ಎಕ್ಕಡ?" ಎಂದು ಗದರಿದರು, ಕೊಟ್ಟಿಗೆ ಎಲ್ಲಿ ಅಂತ. ಹಿತ್ತಲಿಗೆ ಹೋಗಿ ಹುಡುಕಿದರು. ಪಾತ್ರೆಗಳ ಹಿಂದೆ ಟಾರ್ಚು ಬಿಟ್ಟರು. "ಊರಿನ ಮಾಲೀಕರೆಲ್ಲ ಕನ್ನಡಿಯಂಥ ಅಡುಗೆಮನೆ ಅಂತಾರೆ, ಒಳಗೆ ಹೋದರೆ ಜಿರಳೆ. ನೀನು ಕೊಟ್ಟಿಗೆ ಅಂತೀಯ, ಇಲ್ಲಿ ಇರುವೆಯೂ ಇಲ್ಲ. ಏನಯ್ಯಾ ನಿನ್ನ ಆಟ?"

"ತಪ್ಪಾತ್ರಿ" ಎಂದ ಅಂಬಾದಾಸ, ಜಿರಳೆ ಒದಗಿಸದಿದ್ದಕ್ಕೆ ನಾಚಿಕೊಂಡು.

ಅಷ್ಟರಲ್ಲಿ ಗುಂಡಮ್ಮ ಅವರ ಕೈಗೆ ತಾಟು ಕೊಟ್ಟಾಗಿತ್ತು. ಪುಂಡಿಪಲ್ಯ ನೋಡಿದ್ದೇ, "ಗೋಂಗೂರ!" ಎಂದು ಅಧಿಕಾರಿ ಕೂತರು. ಮೂರು ರೊಟ್ಟಿ ಉಂಡು, ಊಟದ ಹಣವನ್ನು ಬಲವಂತವಾಗಿ ಗಲ್ಲಾದ ಮೇಲೆ ಇಟ್ಟು, ಎಲ್ಲಾ ಸರಿಯಾಗಿದೆ ಎಂದು ಹೋದರು. ಆದರೆ ಅವರು ಒಳಗೆ ಉಣ್ಣುತ್ತಿದ್ದ ಹೊತ್ತಿನಲ್ಲಿ ಹೊರಗೆ ದಾರಿಹೋಕನೊಬ್ಬ ಜೀಪಿನ ಫೋಟೋ ತೆಗೆದು ಫೋನಿಗೆ ಏರಿಸಿಬಿಟ್ಟಿದ್ದ: 'ಗುಂಡಮ್ಮ ಖಾನಾವಳಿ ಮೇಲೆ ದಾಳಿ.'

ಸಂಜೆಗೆ ತೆಲುಗು ಚಾನೆಲ್ಲೊಂದು ಅದನ್ನು ಎತ್ತಿಕೊಂಡಿತು. ವರದಿಗಾರ ಬಂದನೆ? ಇಲ್ಲ. ಒಂದು ತುತ್ತು ಉಂಡನೆ? ಅದೂ ಇಲ್ಲ. ಫೋನಿನಿಂದ ಜೀಪಿನ ಫೋಟೋ ಇಳಿಸಿಕೊಂಡು, ಕೆಳಗೆ ಕೆಂಪು ಪಟ್ಟಿಯಲ್ಲಿ 'ಹುಳುಕು ಬದನೆಕಾಯಿ: ತಾನೇ ಒಪ್ಪಿಕೊಂಡ ಮಾಲೀಕ' ಎಂದು ಓಡಿಸಿದರು. ನನ್ನ ರಕ್ತ ಕುದಿಯಿತು. ನಾವು ಮೊದಲು ಉಂಡು ಆಮೇಲೆ ಬರೆಯುತ್ತಿದ್ದೆವು ಕಣ್ರೀ! ಎರಡನೇ ಸಲ ಉಂಡು ಖಾತ್ರಿ ಮಾಡಿಕೊಳ್ಳುತ್ತಿದ್ದೆವು!

ಮರುದಿನ ಬೀದರಿನಿಂದ ಗುರುದೇವಿಯ ಫೋನು ಬಂತು. ಹಿಟ್ಟಿನ ಕೈಯಾದ್ದರಿಂದ ಗುಂಡಮ್ಮ ಅದನ್ನು ಎಲ್ಲರಿಗೂ ಕೇಳುವ ಹಾಗೆ ಇಡಿಸಿಕೊಂಡರು.

"ಅವ್ವಾ, ನಿನಗ ಆರಾಮ ಇಲ್ಲೇನು? ಬ್ಯಾಳಿ ನೀರಾಗೇತಂತ, ರೊಟ್ಟಿ ಸುಟ್ಟಾವಂತ. ನಮ್ಮತ್ತಿ ಹಲ್ಲು ಕಿಸಗೊಂಡು ಊರಿಗೆಲ್ಲಾ ಓದಿ ಹೇಳಾಕತ್ತಾಳ!"

"ಯಾವ ಭಾಡ್ಯಾ ಹೇಳಿದ?"

"ನಿನ್ನ ಮಗಾನ ಬರದಾನವ್ವಾ!"

ಗುಂಡಮ್ಮನಿಗೆ ಓದಲು ಬಾರದು. ನನ್ನ ಕಡೆ ತಿರುಗಿದರು. "ಅಮರೇಶಪ್ಪನೋರ, ಓದ್ರಿ. ಒಂದೂ ಬಿಡಬ್ಯಾಡ್ರಿ."

ವರ್ಷಗಳ ನಂತರ ನಾನು ಮತ್ತೆ ಗುಂಡಮ್ಮನಿಗೆ ಓದಿ ಹೇಳುವ ಹೊತ್ತು ಬಂತು, ಅದೂ ಇಂಥಾ ಸಾಹಿತ್ಯ! ಅಂಬಾದಾಸ ಮುಖ ಒಣಗಿಸಿಕೊಂಡು ಫೋನು ಕೊಟ್ಟ. ನಾನು ಕೆಮ್ಮಿ ಓದಿದೆ.

"ಒಬ್ಬರು ಬರದಾರ, 'ರೊಟ್ಟಿ ಭಾಳ ರುಚಿ, ಮನೆ ನೆನಪಾಯಿತು.' ಐದು ನಕ್ಷತ್ರ. ಅಂಬಾದಾಸನ ಉತ್ತರ: 'ತಮ್ಮ ಮನೀ ರೊಟ್ಟಿ ಮುಂದ ನಮ್ಮವು ಏನ್ರಿ? ಒಂದ ಕಡೆ ಸುಟ್ಟಿದ್ವು, ಒಂದ ಕಡೆ ಹಸಿ ಇದ್ವು. ಹಸದು ಬಂದಿದ್ರಿ ಅಂತ ಉಂಡ್ರಿ.'"

ಗುಂಡಮ್ಮ ಹಿಟ್ಟಿನ ಉಂಡೆಯ ಮೇಲೆ ಕೈ ಬಡಿದರು. ಟಪ್.

"ಇನ್ನೊಬ್ಬರು, 'ಎಣ್ಣಿಗಾಯಿ ಅದ್ಭುತ.' ಉತ್ತರ: 'ಈ ದಿನದಾಗ ಬದನೀಕಾಯಿ ಹುಳುಕ ಇರ್ತಾವರಿ. ನಿಮ್ಮ ದೈವ ಛಲೋ ಇತ್ತು.'"

ಟಪ್! ಕೊಣಮಿಗೆ ಅಲುಗಾಡಿತು.

"ಮತ್ತೊಬ್ಬರು, 'ಪುಂಡಿಪಲ್ಯದಾಗ ಖಾರ ಸ್ವಲ್ಪ ಜಾಸ್ತಿ.' ಉತ್ತರ: 'ಸ್ವಲ್ಪ ಅಲ್ಲರಿ, ಭಾಳ ಜಾಸ್ತಿ ಆಗಿತ್ತು. ಸಣ್ಣ ಮಾತಿನ್ಯಾಗ ಹೇಳಿದ್ದು ನಿಮ್ಮ ದೊಡ್ಡತನ.' ಮತ್ತ ಎಲ್ಲಾರಿಗೂ ಕೊನೀಗೆ, 'ಬ್ಯಾಳಿ ತೆಳ್ಳಗಾಗಿತ್ತರಿ, ಕ್ಷಮಾ ಇರಲಿ.'"

ಆ ರೊಟ್ಟಿ ಬಡಿತ ತಿಂದು ತಿಂದು ಪಾಪ ಹಪ್ಪಳವಾಗಿತ್ತು.

"ನನ್ನ ಬ್ಯಾಳಿ ತೆಳ್ಳಗೈತೇನೋ?" ಎಂದರು ಗುಂಡಮ್ಮ. ಧ್ವನಿ ಏರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಅವ್ವಾ, ಉಪಚಾರಕ್ಕ ಅಂದದ್ದು! ನೀನೂ ಹಂಗ ಅಂತೀಯಲ್ಲ. ಕಾಕಾ ಪೇಪರಿನ್ಯಾಗ ಬರದಿದ್ದೂ ಅದನ್ನಲ್ಲ? ಅದನ್ನ ನೋಡಿ ನಾ ಬರದೆ" ಎಂದು ಗೋಡೆಯ ತುಣುಕಿನ ಕಡೆ ಬೆರಳು ತೋರಿಸಿದ.

ಎಲ್ಲರೂ ನನ್ನನ್ನು ನೋಡಿದರು. ನಾನು ಬಸವಣ್ಣನ ಪಟ ನೋಡಿದೆ.

"ನಾ ಹಂಗ ಅನ್ನುವಾಗ ನನ್ನ ಕೈಯಾಗ ಏನಿರ್ತೈತೋ?" ಎಂದರು ಗುಂಡಮ್ಮ. "ರೊಟ್ಟಿ ಇರ್ತೈತಿ! ಬಾಯಿ ಇಲ್ಲ ಅಂತೈತಿ, ಕೈ ಹಾಕ್ತೈತಿ. ಉಣ್ಣವ ಕೈ ನೋಡ್ತಾನ, ಬಾಯಿ ನೋಡೂದಿಲ್ಲ. ನಿನ್ನ ಕೈಯಾಗ ಏನಿತ್ತು? ಆ ಫೋನಿನ ಡಬ್ಬಿ ಇತ್ತು! ಬರೇ ಬಾಯಿಲೆ ಉಪಚಾರ ಮಾಡಿದ್ರ ಮಂದಿ ಖರೇ ಅಂತಾರ!"

ನಾನು ಪತ್ರಿಕೆಯಲ್ಲಿ ಕಳೆದ ಇಷ್ಟು ವರ್ಷಗಳಲ್ಲಿ ಈ ಮಾತನ್ನು ಯಾವ ಸಂಪಾದಕನೂ ನನಗೆ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಕಾವ್ಯಾ ಓಡುತ್ತ ಬಂದಳು. ಕಣ್ಣು ತುಂಬಿತ್ತು. ಸೂರಜ್ ಸರ್ ಆರ್ಡರ್ ಬೇಡ ಅನ್ನುತ್ತಿದ್ದಾರೆ, ಕಾಲು ಹಿಡಿದದ್ದಕ್ಕೆ ಶುಕ್ರವಾರ ಒಮ್ಮೆ ಬಂದು ಉಂಡು ನೋಡಲು ಒಪ್ಪಿದ್ದಾರೆ ಎಂದಳು. "ಆಯಿ, ನಿಮ್ಮ ಕೈ ಮುಗೀತೀನಿ. ಅವತ್ತೊಂದ ದಿನ ಊಟ ಛಲೋ ಐತಿ ಅನ್ರಿ. ಬ್ಯಾರೆ ಏನೂ ಅನ್ನಬ್ಯಾಡ್ರಿ."

ಮೂರು ದಿನ ತಾಲೀಮು ನಡೆಯಿತು. ಅಂಬಾದಾಸ ಕನ್ನಡಿ ಮುಂದೆ ನಿಂತು, "ನಮ್ಮ ಬ್ಯಾಳಿ ಹೈದರಾಬಾದಿಗೇ ನಂಬರ್ ಒನ್" ಎಂದು ಹೇಳಿ ಹೇಳಿ ಬೆವರಿದ. ಪ್ರತಿ ಸಲವೂ ಕೊನೆಗೆ "ತಪ್ಪು ತಿಳೀಬ್ಯಾಡ್ರಿ" ಎಂದು ಸೇರಿಸುತ್ತಿದ್ದ. ಗುಂಡಮ್ಮ ತಾಲೀಮಿಗೇ ಬರಲಿಲ್ಲ.

ಶುಕ್ರವಾರ ಸೂರಜ್ ಬಂದ. ನಾಗಪುರದ ಕಡೆಯ ತರುಣ, ಹಿಂದಿಯವನು, ಒಂದು ಅಕ್ಷರ ಕನ್ನಡ ಬಾರದು. ಮುಖದಲ್ಲಿ ನಗೆಯಿಲ್ಲ. ತಾಟಿನ ಮುಂದೆ ಕೂತು ಬದನೆಕಾಯಿಯನ್ನು ಬಿಡಿಸಿ ಒಳಗೆ ನೋಡಿದ. ಎರಡು ತುತ್ತು ಉಂಡ. ಮೂರನೆಯದನ್ನು ಸ್ವಲ್ಪ ಬೇಗ ಉಂಡ. ಕಾವ್ಯಾ ತನ್ನ ಫೋನಿನಲ್ಲಿ ಅದನ್ನೆಲ್ಲ ಹಿಡಿಯುತ್ತಿದ್ದಳು.

ಅಂಬಾದಾಸ ಎದೆ ಉಬ್ಬಿಸಿ ಹಿಂದಿಯಲ್ಲಿ ಶುರುಮಾಡಿದ: "ಸಾಬ್, ಹಮಾರಾ ದಾಲ್ ಪೂರಾ ಹೈದರಾಬಾದ್ ಮೇ ನಂಬರ್ ಒನ್!"

ಒಲೆಯ ಮುಂದಿನಿಂದ ಗುಂಡಮ್ಮ ಎದ್ದೇಬಿಟ್ಟರು. "ಬಾಯಿ ಮುಚ್ಚೋ! ಉಣ್ಣವರ ಮುಂದ ನಿಂತು ಜಂಬಾ ಕೊಚ್ಚೂದು ಎಲ್ಲಿ ಕಲತಿ?" ಎಂದು ಮಗನನ್ನು ಸರಿಸಿ, ಬಿಸಿ ರೊಟ್ಟಿ ಹಿಡಿದು ಸೂರಜನ ಮುಂದೆ ಬಗ್ಗಿದರು. ಕಾವ್ಯಾ ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಗುಂಡಮ್ಮನ ಬಾಯಿ ಕೇಳಬೇಕಲ್ಲ! "ಏನೂ ಛಲೋ ಆಗಿಲ್ಲ ನನ್ನಪ್ಪಾ ಇವತ್ತು. ಬ್ಯಾಳಿ ತೆಳ್ಳಗಾಗೇತಿ, ಕ್ಷಮಾ ಇರಲಿ. ಉಣ್ಣು" ಎನ್ನುತ್ತ ರೊಟ್ಟಿ ಹಾಕಿದರು, ಬೆಣ್ಣೆ ಹಾಕಿದರು, ಶೇಂಗಾ ಹಿಂಡಿ ಹಾಕಿದರು, ಅವನು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಬ್ಯಾಳಿ ಹಾಕಿದರು.

"ಏನಂತಿದಾರೆ?" ಎಂದು ಸೂರಜ್ ಕಾವ್ಯಾಳನ್ನು ಕೇಳಿದ.

ಸುಳ್ಳು ಹೇಳಲು ಆ ಹುಡುಗಿಗೆ ಬರಲಿಲ್ಲ. "ದಾಲ್ ತೆಳ್ಳಗಾಗಿದೆ, ಕ್ಷಮಿಸು ಅಂತಿದಾರೆ ಸರ್."

ಸೂರಜ್ ತಾಟು ನೋಡಿದ. ಬ್ಯಾಳಿ ಎಷ್ಟು ಗಟ್ಟಿಯಾಗಿತ್ತೆಂದರೆ ಅದರಲ್ಲಿ ರೊಟ್ಟಿಯ ಚೂರು ನೆಟ್ಟಗೆ ನಿಂತಿತ್ತು. ಗುಂಡಮ್ಮನ ಕೈ ನೋಡಿದ. ತನ್ನ ಫೋನು ತೆಗೆದು ಆ ಉತ್ತರಗಳನ್ನೆಲ್ಲ ಮತ್ತೊಮ್ಮೆ ಓದಿದ. ಮೊದಲು ಮೂಗಿನಿಂದ ಒಂದು ಸಪ್ಪಳ ಬಂತು. ಆಮೇಲೆ ನಗಲು ಶುರುಮಾಡಿದವನು ಬಿಕ್ಕಳಿಕೆ ಹತ್ತುವವರೆಗೂ ನಕ್ಕ. "ನಮ್ಮ ಅಜ್ಜಿಯೂ ಹೀಗೇ ಅನ್ನುತ್ತಿದ್ದಳು. ನಾನು ಮರೆತೇಬಿಟ್ಟಿದ್ದೆ" ಎಂದು ಕಣ್ಣೊರೆಸಿಕೊಂಡ. ಗುಂಡಮ್ಮ ನೀರು ಕೊಟ್ಟು, ಅವನು ನೀರು ಕುಡಿಯುವಾಗ ಇನ್ನೊಂದು ರೊಟ್ಟಿ ಹಾಕಿದರು.

ಆರ್ಡರ್ ಸಿಕ್ಕಿತು. ಕಾವ್ಯಾ ಆ ವಿಡಿಯೋ ಬಿಟ್ಟಳು. ಅದು ಹೈದರಾಬಾದು, ಬೀದರು, ಕೊನೆಗೆ ಗುರುದೇವಿಯ ಅತ್ತೆಯ ಫೋನಿನವರೆಗೂ ಹೋಯಿತು. ಶಂಶಾಬಾದಿನಲ್ಲಿ ವಿಮಾನ ಇಳಿದವರು ಪೆಟ್ಟಿಗೆ ಸಮೇತ ಬರತೊಡಗಿದರು. ಬಂದವರಿಗೆಲ್ಲ ಗುಂಡಮ್ಮನ ಬಾಯಿಂದ 'ತೆಳ್ಳಗಾಗೇತಿ' ಎಂದು ಕೇಳಬೇಕು. ಅವರು ಮರೆತರೆ, "ಅಮ್ಮಾ, ನಮಗೆ ಹೇಳಲೇ ಇಲ್ಲ!" ಎಂದು ಮುಖ ಸಣ್ಣ ಮಾಡುತ್ತಿದ್ದರು.

ನಮ್ಮ ಸಂಪಾದಕ ಹುಡುಗನ ಫೋನೂ ಬಂತು. "ಸರ್, ಆ ರೊಟ್ಟಿ ಅಜ್ಜಿ ವಿಡಿಯೋ ನಿಮ್ಮ ಕಡೆಯದಂತೆ. ಎಂಟು ಸಾಲು ಬರೆದು ಕಳಿಸ್ತೀರಾ?"

"ಎಂಟು ಸಾಲೇ? ನಾನು ಅವರ ಬಗ್ಗೆ ಅರ್ಧ ಪುಟ ಬರೆದವನು!"

"ಉಳಿದದ್ದೆಲ್ಲಾ ವಿಡಿಯೋದಲ್ಲಿ ಇದೆಯಲ್ಲ ಸರ್."

ಸಿಟ್ಟು ನೆತ್ತಿಗೇರಿತು. ಎಂಟು ಸಾಲಿನಲ್ಲಿ ಎಣ್ಣೆಗಾಯಿಯ ತೊಟ್ಟೂ ಮುಗಿಯುವುದಿಲ್ಲ. ಅವತ್ತೇ ಫೋನಿನ ಮೇಲಿನ ಮುನಿಸು ಬಿಟ್ಟು, ಉಂಡವರು ಬರೆಯುವ ಜಾಗದಲ್ಲೇ ನನ್ನ ಲೇಖನ ಬರೆದೆ. ಶೀರ್ಷಿಕೆ ಹಾಕಿದೆ. ಕೆಳಗೆ 'ನಮ್ಮ ಪ್ರತಿನಿಧಿಯಿಂದ' ಎಂದೂ ಹಾಕಿದೆ. ಪತ್ರಕರ್ತ ನಿಷ್ಪಕ್ಷಪಾತಿಯಾಗಿರಬೇಕಲ್ಲ, ಅದಕ್ಕೆ ನಾಲ್ಕೇ ನಕ್ಷತ್ರ ಕೊಟ್ಟೆ. ಅಂಬಾದಾಸ ತಾಯಿಗೆ ಓದಿ ಹೇಳಿದನಂತೆ.

ಮರುದಿನ ಮಧ್ಯಾಹ್ನ ಹೋದೆ. ಬಾಗಿಲಿಂದ ಪಾನ್ ಡಬ್ಬಿಯವರೆಗೆ ಜನ. ನಡುವೆ ನುಸುಳಿ ಒಲೆಯ ಹತ್ತಿರದ ಮೂಲೆಯಲ್ಲಿ ಕೂತೆ. ಗುಂಡಮ್ಮ ತಲೆಯೆತ್ತದೆ ರೊಟ್ಟಿ ಬಡಿಯುತ್ತಿದ್ದರು.

"ಓದಿಸಿಕೊಂಡ್ರೇನ್ರಿ ಅಕ್ಕಾರ?"

"ಹೂಂ."

"ಏನೂ ಛಲೋ ಬಂದಿಲ್ಲ ಬಿಡ್ರಿ. ಅವಸರದಾಗ ಬರದದ್ದು" ಎಂದೆ. ಎಂದು, ಅವರು 'ಹಂಗ್ಯಾಕ ಅಂತೀರಿ, ಭಾಳ ಛಲೋ ಐತ್ರಿ' ಅನ್ನುವುದನ್ನು ಕಾಯುತ್ತ ಕೂತೆ. ನಮ್ಮ ಕಡೆಯ ಪದ್ಧತಿ ಅದೇ ಅಲ್ಲವೆ?

ಗುಂಡಮ್ಮ ರೊಟ್ಟಿ ತಿರುವಿ ಹಾಕಿ, ಯೋಚಿಸಿ, "ಹೌದ್ರಿ" ಎಂದರು. "ಸ್ವಲ್ಪ ತೆಳ್ಳಗ ಆಗೇತಿ. ಪೇಪರಿನ್ಯಾಗ ಬರದದ್ದು ಗಟ್ಟಿ ಇತ್ತು. ಅವತ್ತು ನನಗ ಅಳು ಬಂದಿತ್ತು."

ನನ್ನ ಕೈಯಲ್ಲಿ ರೊಟ್ಟಿ ಇರಲಿಲ್ಲ, ಏನು ಮಾಡುವುದು. ಗೋಡೆಯ ಮೇಲಿನ ತುಣುಕನ್ನು ನೋಡಿದೆ. ಅಂಬಾದಾಸ ತಾಟು ಇಟ್ಟು, ನನ್ನ ಮುಖ ನೋಡಲಾರದೆ ಬೇರೆಯವರಿಗೆ ಬಡಿಸಲು ಹೋದ. ರೊಟ್ಟಿ ಮುರಿದು ಬ್ಯಾಳಿಯಲ್ಲಿ ಅದ್ದಿದೆ. ಬ್ಯಾಳಿ ಬೆರಳುಗಳ ನಡುವಿನಿಂದ ತಾಟಿಗೆ ಹರಿಯಿತು. ಮತ್ತೊಮ್ಮೆ ಅದ್ದಿದೆ. ಮತ್ತೆ ಹರಿಯಿತು. ಮಾದಾಪುರದ ಆಫೀಸಿಗೂ ಹೋಗಬೇಕು, ಪಾನ್ ಡಬ್ಬಿಯವರೆಗೆ ನಿಂತವರಿಗೂ ಸಾಲಬೇಕು, ಇರುವುದು ಅದೇ ಒಂದು ಒಲೆ.

ತಲೆಯೆತ್ತಿದೆ. ಗುಂಡಮ್ಮ ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ಬ್ಯಾಳಿ ಭಾಳ ಛಲೋ ಆಗೇತ್ರಿ ಅಕ್ಕಾರ" ಎಂದೆ.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ಅದಕ್ಕೆ 'ತೆಳ್ಳಗಾಗೇತಿ' ಅನ್ನಲಿಲ್ಲ. ಎದ್ದು ಬಂದು ನನ್ನ ತಾಟಿಗೆ ಎರಡು ರೊಟ್ಟಿ ಹಾಕಿ ಹೋದರು.